ಗೋಡೆಗೆ ಬೆನ್ನು ಕೊಟ್ಟ ಥೋವಾ ಅಕ್ಕ

ಹನೋಯ್‌ನ ವಾನ್ ಮಿಯೆವ್ ಎಂಬ ಕನ್ಫ್ಯೂಷಿಯಸ್ ಗುಡಿಯ ಮೇಲೆ ಥೋವಾ ಅಕ್ಕನಿಗೆ ಏನೋ ಸಿಟ್ಟಿದೆ ಎಂದೇ ನಾನು ಬಹಳ ಕಾಲ ನಂಬಿದ್ದೆ. ಇಪ್ಪತ್ತೆರಡು ವರ್ಷದಿಂದ ಅದರ ಗೋಡೆಗೆ ಬೆನ್ನು ಕೊಟ್ಟು ಕೂತು ಚಹಾ ಮಾರುತ್ತಿದ್ದಾಳೆ; ಒಳಗೆ ಒಮ್ಮೆಯೂ ಕಾಲಿಟ್ಟವಳಲ್ಲ. ಕನ್ಫ್ಯೂಷಿಯಸ್ ಗುರುವಿನ ಮಹಿಮೆ, ಹಳೆಯ ವಿದ್ಯಾಪೀಠದ ವೈಭವ, ರಾಜರ ಕಾಲದ ಪರೀಕ್ಷೆ ಗೆದ್ದ ಪಂಡಿತರ ಹೆಸರು ಕೊರೆದ ಫಲಕಗಳನ್ನು ಹೊತ್ತ ಕಲ್ಲಾಮೆಗಳು, ಎಲ್ಲದರ ಮೇಲೂ ನಾನು ಅವಳಿಗೆ ಉಪನ್ಯಾಸ ಕೊಟ್ಟಿದ್ದೇನೆ. ನನಗೂ ಡಾಕ್ಟರೇಟ್ ಇದೆ. ವಿಸಿಟಿಂಗ್ ಕಾರ್ಡಿನಲ್ಲಿ ಅದು ನನ್ನ ಹೆಸರಿಗಿಂತ ದಪ್ಪ ಅಕ್ಷರದಲ್ಲಿದೆ.

ಜೂನ್ ತಿಂಗಳಲ್ಲಿ, ಪರೀಕ್ಷೆಯ ಹಿಂದಿನ ದಿನ, ಹನೋಯ್‌ನ ಮಕ್ಕಳೆಲ್ಲ ಗುರುವಿಗೆ ಕೈಮುಗಿಯಲು ಬರುತ್ತಾರೆ. ಈ ಸಲ ಅದೇ ದಿನ ನಾನು ಚಹಾಕ್ಕೆ ಹೋದರೆ, ಅಕ್ಕ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಕುಳ್ಳ ಸ್ಟೂಲುಗಳನ್ನು ಪೇರಿಸುತ್ತಿದ್ದಳು. ಕೈಯಲ್ಲಿದ್ದ ಬಾಳೆಹಣ್ಣನ್ನು ಅವಳತ್ತ ಚಾಚಿದೆ. ಹಾವು ಕಂಡವಳಂತೆ ಸರಿದಳು.

"ಪರೀಕ್ಷೆ ಹಿಂದಿನ್ ದಿನ ಬಾಳೆಹಣ್ಣು ಕೊಡ್ತೀರಲ್ಲ ಡಾಕ್ಟ್ರೇ, ಜಾರಿ ಬಿದ್ದು ಫೇಲಾಗ್ಲಿ ಅಂತಾನಾ?"

"ಯಾರ ಪರೀಕ್ಷೆ ಅಕ್ಕಾ?"

"ನಂದು. ಹನ್ನೆರಡನೇ ಕ್ಲಾಸು."

ಅವಳಿಗೆ ಹದಿಮೂರಾಗಿದ್ದಾಗ ಯುದ್ಧದಲ್ಲಿ ಬಾಂಬು ಬಿದ್ದು ಅವಳ ಶಾಲೆಯನ್ನೇ ಹಳ್ಳಿಗೆ ಸಾಗಿಸಿದರಂತೆ. ಊರಿಗೆ ಮರಳಿದ ಮೇಲೆ ಅಣ್ಣಂದಿರು ತರಗತಿಗೆ ಹೋದರು, ಇವಳು ನೂಲಿನ ಗಿರಣಿಗೆ. ಈಗ ಅರವತ್ತೈದು. ಐದು ವರ್ಷದಿಂದ ಸಂಜೆ ಶಾಲೆಗೆ ಹೋಗುತ್ತಿದ್ದಾಳೆ. ನನ್ನ ಉಪನ್ಯಾಸಗಳ ನಡುವೆ ಹೇಳಲು ಅವಕಾಶ ಸಿಕ್ಕಿರಲಿಲ್ಲ.

"ಪರೀಕ್ಷೆಗೆ ಕೂರೋರು ಹೋಗೋ ಜಾಗ ಅದು," ಎಂದಳು. "ಸುಮ್ನೆ ನೋಡ್ಕೊಂಡ್ ಬರೋಕೆ ಮನಸ್ಸೇ ಒಪ್ಲಿಲ್ಲ. ಪ್ರತಿ ವರ್ಷ ಮಕ್ಕಳು ಒಳಗೆ ಹೋಗೋ ಸದ್ದು ಬೆನ್ನ ಹಿಂದೆ ಕೇಳ್ತಿತ್ತು. ತಿರುಗಿ ನೋಡ್ತಿರ್ಲಿಲ್ಲ."

ನಾನೂ ಅವಳ ಜೊತೆ ಗುಡಿಯೊಳಗೆ ಹೋದೆ. ಗುರುವಿನ ಮುಂದಿನ ತಟ್ಟೆಯಲ್ಲಿ ಮಕ್ಕಳು ತಮ್ಮ ಹಾಲ್ ಟಿಕೆಟ್ ಇಟ್ಟು ಬೇಡುತ್ತಿದ್ದರು. ಅಕ್ಕ ತನ್ನದನ್ನೂ ಇಟ್ಟಳು.

"ಮೊಮ್ಮಗಳದ್ದಾ ಅಜ್ಜಿ?" ಎಂದಳು ಪಕ್ಕದ ಹುಡುಗಿ.

"ನಂದೇ ಕಣೇ. ಸ್ವಲ್ಪ ಆಚೆ ಸರಿ."

ಆಮೆಗಳ ಬಳಿ ಅಡ್ಡಕಂಬಿ ಹಿಡಿದು ಬಹಳ ಹೊತ್ತು ನಿಂತಳು. "ಈ ಕಲ್ಲಲ್ಲಿ ಹೆಂಗಸ್ರು ಎಷ್ಟು ಜನ ಇದಾರೆ?"

"ಯಾರೂ ಇಲ್ಲಕ್ಕಾ. ಆಗ ಹೆಂಗಸರನ್ನ ಪರೀಕ್ಷೆಗೆ ಕೂರಿಸ್ತಿರ್ಲಿಲ್ಲ."

ಗಿರಣಿಯಲ್ಲಿ ಸವೆದ ಅವಳ ಬೆರಳುಗಳು ಕಂಬಿಯ ಮೇಲೆ ಮೆಲ್ಲಗೆ ಆಡುತ್ತಿದ್ದವು.

ಹೊರಗೆ ಬಂದ ಮೇಲಾದರೂ ನಾನು ಬಾಯಿ ಮುಚ್ಚಿಕೊಂಡಿರಬಹುದಿತ್ತು.

"ಅಲ್ಲಕ್ಕಾ, ಪಾಸಾದ್ರೂ ಮಾರೋದು ಚಹಾನೇ ತಾನೆ? ಈ ವಯಸ್ಸಲ್ಲಿ ಯಾಕಿಷ್ಟು ಕಷ್ಟ?"

"ಐವತ್ತೆರಡು ವರ್ಷದ ಆಸೆ, ಅದಕ್ಕೆ. ದಾರಿ ಬಿಡಿ, ಇತಿಹಾಸದಲ್ಲಿ ಎರಡು ಪಾಠ ಇನ್ನೂ ಓದಿಲ್ಲ."