ಬದುವಿನಡಿಯ ಮಣ್ಣು

ಎಂಬತ್ತರ ದಶಕದ ನಡುವೆ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಮಣ್ಣು ಪರೀಕ್ಷೆಯ ಜವಾಬ್ದಾರಿ ನನ್ನದಾಗಿತ್ತು. ಒಂದು ಕಡೆ ಕೂರುವ ಸ್ವಭಾವ ನನ್ನದಲ್ಲ. ಪ್ರಯೋಗಾಲಯದಲ್ಲಿ ಎರಡು ದಿನ ಕಳೆದರೆ ಚಡಪಡಿಕೆ ಶುರುವಾಗಿ, ಆಸಿಡ್ ಬಾಟಲಿಯನ್ನು ಚೀಲಕ್ಕೆ ಹಾಕಿಕೊಂಡು ಸಿಕ್ಕ ಬಸ್ಸು ಹತ್ತಿಬಿಡುತ್ತಿದ್ದೆ.

ಒಂದು ಬೇಸಿಗೆಯಲ್ಲಿ ಗೊಬ್ಬೂರಿನ ರೈತ ಬಸವಂತಪ್ಪ ಎರಡು ಚೀಲ ಮಣ್ಣು ತಂದರು. ಒಂದು ಅವರ ಹೊಲದ್ದು, ಇನ್ನೊಂದು ತೀರಿಹೋದ ತಮ್ಮನ ಹೆಂಡತಿ ಶರಣಮ್ಮನ ಹೊಲದ್ದು. ಮೊದಲು ಅದು ಒಂದೇ ಹೊಲ. ಗರಸು ನೆಲ, ಅಂದರೆ ಅರೆಬರೆ ಕರಗಿದ ಕಲ್ಲಿನ ಮೇಲೆ ತೆಳ್ಳನೆಯ ಮಣ್ಣು. ಇಪ್ಪತ್ತು ವರ್ಷದ ಹಿಂದೆ ತಮ್ಮ ತೀರಿಕೊಂಡು ಪಾಲಾದಾಗ ನಡುವೆ ಬದು ಹಾಕಿದ್ದರು. ಈಗ ಶರಣಮ್ಮನ ಕಡೆ ತೊಗರಿ ಆಳೆತ್ತರ ಬೆಳೆಯುತ್ತಿತ್ತು, ಇವರ ಕಡೆ ಸೊಂಟಕ್ಕೂ ಬರುತ್ತಿರಲಿಲ್ಲ.

ಪರೀಕ್ಷೆಯಲ್ಲೂ ಅದೇ ಬಂತು. ಸಾವಯವ ಇಂಗಾಲ, ಅಂದರೆ ಬೇರು ಎಲೆಗಳು ಕೊಳೆತು ಮಣ್ಣಿನಲ್ಲಿ ಉಳಿಯುವ ಸತ್ವ, ಆಕೆಯ ಮಣ್ಣಿನಲ್ಲಿ ಚೆನ್ನಾಗಿತ್ತು, ಇವರದರಲ್ಲಿ ತೀರಾ ಕಳಪೆ.

“ನೋಡ್ರಿ ಸಾಹೇಬ್ರ, ಪಾಲು ತಪ್ಪ್ಯದ. ಛಲೋ ಹೊಲ ಆಕಿಗಿ ಹೋಗ್ಯದ. ಹಿರ್ಯಾರ ಮುಂದ ಬಂದು ಇಷ್ಟು ಹೇಳ್ರಿ, ಹೊಲ ಅದ್ಲುಬದ್ಲು ಮಾಡ್ಕೋತೇವಿ” ಎಂದರು ಬಸವಂತಪ್ಪ.

ಅಂಕಿ ಸುಳ್ಳಲ್ಲ, ಆದರೆ ಅದು ಹೇಳುವುದು ಮಣ್ಣು ಈಗ ಹೇಗಿದೆ ಎಂದು ಮಾತ್ರ. ಪಾಲಾದ ದಿನ ಹೇಗಿತ್ತೋ ಯಾರು ಬಲ್ಲರು? ನಾನು ಬಾಯಿ ಬಿಟ್ಟರೆ ಒಬ್ಬ ಹೆಂಗಸಿನ ಹೊಲ ಹೋಗುತ್ತದೆ. ಮರುದಿನವೇ ಗೊಬ್ಬೂರಿಗೆ ಹೊರಟೆ.

ಶರಣಮ್ಮ ಹೊಲದಲ್ಲೇ ಸಿಕ್ಕರು. ನೆಲದ ತುಂಬ ಕೊಯ್ದುಳಿದ ತೊಗರಿಯ ಬೊಡ್ಡೆಗಳು ಕಾಲಿಗೆ ತಾಕುತ್ತಿದ್ದವು. ಆ ಸೀಮೆಯಲ್ಲಿ ತೊಗರಿ ಕೊಯ್ದ ಮೇಲೆ ಬೊಡ್ಡೆಗಳನ್ನು ಬೇರುಸಮೇತ ಅಗೆದು ಒಲೆಗೆ ಒಯ್ಯುವುದು ರೂಢಿ. ಇವನ್ನೇಕೆ ಬಿಟ್ಟಿದ್ದೀರಿ ಎಂದು ಕೇಳಿದೆ.

“ನನಗೊಬ್ಬಾಕಿಗಿ ಎಷ್ಟು ಕಟ್ಟಿಗಿ ಬೇಕ್ರಿ? ಮ್ಯಾಲಿಂದು ಕೊಯ್ಕೊಂಡು ಹೋಗ್ತೇನಿ. ಊರಾಗ ಮೈಗಳ್ಳಿ ಅಂತಾರ, ಅನ್ಲಿ ಬಿಡ್ರಿ” ಎಂದವರು ದನಿ ತಗ್ಗಿಸಿದರು. “ನನ್ನ ಹೊಲ ಕಸ್ಕೋತಾರೇನ್ರಿ?”

ಬದುವಿನ ಮೇಲೆ ಶತಪಥ ಹಾಕತೊಡಗಿದೆ. ಎಷ್ಟೋ ಹೊತ್ತಿನ ಮೇಲೆ, ಉತ್ತರ ಕಾಲಡಿಯಲ್ಲೇ ಇದೆಯೆಂದು ಹೊಳೆಯಿತು. ಪಾಲಾದಾಗಿನಿಂದ ಬದುವಿನಡಿಯ ಮಣ್ಣನ್ನು ನೇಗಿಲೂ ಮುಟ್ಟಿಲ್ಲ, ತೊಗರಿಯೂ ಮುಟ್ಟಿಲ್ಲ. ಆ ದಿನದ ಹೊಲ ಅಲ್ಲಿ ಹಾಗೇ ಇದೆ!

ಮರುವಾರ ಹಿರಿಯರು ಸೇರಿದಾಗ, ಎರಡೂ ಹೊಲಕ್ಕೆ ತಾಗುವಂತೆ ಬದು ಕಡಿದು ಕಂದಕ ತೋಡಬೇಕೆಂದೆ. ಬಸವಂತಪ್ಪ ಹೌಹಾರಿದರು. “ಬದು ಕಡಿಯೋದಾ? ನಾಳಿ ಆಕಿ ಒತ್ಕೊಂಡು ಬಂದ್ರ?”

“ಲೇ ಬಸ್ಯಾ, ಸಾಹೇಬ್ರೇನು ಹೊಲ ಹೊತ್ಕೊಂಡು ಹೋಗಾಂಗಿಲ್ಲ. ಕಡೀಲಿ ಬಿಡು” ಎಂದರು ಹಿರಿಯರೊಬ್ಬರು.

ಸೊಂಟದಾಳಕ್ಕೆ ಅಗೆಸಿದೆವು. ಈ ತುದಿಯಿಂದ ಆ ತುದಿಯವರೆಗೆ ಗರಸು ಒಂದೇ ಮಟ್ಟದಲ್ಲಿತ್ತು. ಅದರಲ್ಲಿ ಸುಣ್ಣವಿತ್ತು. ಸುಣ್ಣಕ್ಕೆ ಆಸಿಡ್ ಬಿದ್ದರೆ ನೊರೆ ಬರುತ್ತದೆ. ಬದುವಿನಡಿ ಹನಿ ಹಾಕಿದೆ, ನೊರೆ. ಬಸವಂತಪ್ಪನವರ ಕಡೆಯೂ ನೊರೆ. ಶರಣಮ್ಮನ ಕಡೆ ಮಾತ್ರ ಹಳೆಯ ಬೇರುಗಳು ಗರಸಿಗೆ ಇಳಿದ ದಾರಿಯುದ್ದಕ್ಕೂ ಬೆರಳಗಲ ಕಪ್ಪು ಮಣ್ಣು ಕಟ್ಟಿತ್ತು. ಅಲ್ಲಿ ಹಾಕಿದೆ. ನೊರೆ ಬರಲಿಲ್ಲ.

ಹಿರಿಯರಿಗೆ ಬಿಡಿಸಿ ಹೇಳಿದೆ. ಬೇರು ಹುಳಿ ಒಸರುತ್ತದೆ. ಅದು ಬಿಡುವ ಉಸಿರೂ ನೀರಿನಲ್ಲಿ ಬೆರೆತು ಹುಳಿಯಾಗುತ್ತದೆ. ಆ ಹುಳಿಗೆ ಸುಣ್ಣ ಕರಗುತ್ತದೆ, ಮೆತ್ತಗಾದ ಕಲ್ಲು ಸಡಿಲಾಗಿ ಅದರ ಸಾರ ಬೆಳೆಗೆ ಸಿಗುತ್ತದೆ. ಬೇರು ಸತ್ತು ಅಲ್ಲೇ ಉಳಿದರೆ ಅದರ ಇಂಗಾಲವೂ ಅಲ್ಲೇ ಉಳಿಯುತ್ತದೆ, ಮುಂದಿನ ಬೆಳೆಯ ಬೇರು ಅದೇ ದಾರಿ ಹಿಡಿಯುತ್ತದೆ. ಗಟ್ಟಿ ಬಂಡೆ ಮಣ್ಣಾಗಲು ಯುಗಗಳೇ ಬೇಕು, ನಿಜ. ಆದರೆ ಗರಸಿನಲ್ಲಿ ಇಷ್ಟು ಬದಲಾವಣೆ ರೈತನೊಬ್ಬನ ಕಾಲದಲ್ಲೇ ಕಾಣುತ್ತದೆ. ಬಸವಂತಪ್ಪನವರ ಕಡೆ ಬೊಡ್ಡೆ ಕಿತ್ತ ಗುಳಿಗಳಲ್ಲಿ ಬರೀ ಹರಳು ತುಂಬಿತ್ತು.

“ಪಾಲಾದ ದಿನ ಎರಡೂ ಹೊಲ ಈ ಬದುವಿನಡಿಯ ಮಣ್ಣಿನಂತೆಯೇ ಇದ್ದವು. ಪಾಲು ತಪ್ಪಿಲ್ಲ” ಎಂದೆ. ಹಿರಿಯರು ತಲೆಯಾಡಿಸಿದರು. ಶರಣಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕುಳಿತುಬಿಟ್ಟರು.

ಬಸವಂತಪ್ಪ ಕಂದಕಕ್ಕಿಳಿದು, ನನ್ನ ಕೈಯಿಂದ ಬಾಟಲಿ ತೆಗೆದುಕೊಂಡು, ತಮ್ಮ ಕಡೆಯ ಗೋಡೆಗೆ ಅಲ್ಲಲ್ಲಿ ಹನಿ ಹಾಕುತ್ತಲೇ ಹೋದರು. ಹಾಕಿದಲ್ಲೆಲ್ಲ ನೊರೆ.

“ಅಂದ್ರ ಇಷ್ಟು ವರ್ಷ ನಾವು ಹೊಲಾನ ಒಲಿಗಿ ಹಾಕೇವೇನ್ರಿ?”

“ಇನ್ನು ಮೇಲೆ ಸೊರಗು ರೋಗದ ಗಿಡ ಮಾತ್ರ ಕಿತ್ತು ಸುಡಿ. ಉಳಿದ ಬೊಡ್ಡೆ ನೆಲದಲ್ಲೇ ಬಿಡಿ” ಎಂದೆ, ಗೆದ್ದವನ ಹುಮ್ಮಸ್ಸಿನಲ್ಲಿ.

ಅಷ್ಟರಲ್ಲಿ ಮೇಲೆ ನಿಂತಿದ್ದ ಅವರ ಹೆಂಡತಿ ಬಾಯಿ ಹಾಕಿದರು. “ನಮ್ಮದು ಮನಿ ತುಂಬ ಮಂದಿ ಅದಾರ್ರಿ ಸಾಹೇಬ್ರ. ಮತ್ತ ರೊಟ್ಟಿ ಏನಿಟ್ಟು ಸುಡ್ಲಿ?”

ನಾನು ಶರಣಮ್ಮನತ್ತ ನೋಡಿದೆ. ಆಕೆಯ ಮಣ್ಣು ಕಪ್ಪಾದದ್ದು ಉಣ್ಣುವವರು ಬೇರೆ ಯಾರೂ ಇಲ್ಲದ ಮನೆಯ ಒಲೆಗೆ ಬೊಡ್ಡೆ ಬೇಕಾಗದ್ದರಿಂದ ಎಂಬುದು ಆಗ ಹೊಳೆಯಿತು. ಮುಂದೆ ನಿವೃತ್ತಿಯವರೆಗೂ, ಬೊಡ್ಡೆ ಕೀಳಬೇಡಿ ಎನ್ನುವ ಮೊದಲು ನಿಮ್ಮ ಮನೆಯಲ್ಲಿ ಎಷ್ಟು ಜನ ಎಂದು ಕೇಳುತ್ತಿದ್ದೆ.