ಮೆಹರುನ್ನೀಸಾಳ ಫೋನಿನೊಳಗಿನ ಡಾಕ್ಟರು

ಹೆತ್ತೂರಿನ ಮೆಹರುನ್ನೀಸಾ ಗಂಡನ ಕಾಲಿನ ರೀಲ್ಸ್ ಮಾಡುತ್ತಿದ್ದಾಳೆ ಎಂದೇ ಈ ಬರಹಗಾರ ಮೊದಲು ತಿಳಿದದ್ದು. ತನ್ನ ಕಾಫಿಪುಡಿ ಅಂಗಡಿಯ ಜಗಲಿಯ ಮೇಲೆ ಗಂಡ ಮುನೀರನನ್ನು ಕೂರಿಸಿ, ಅವನ ಪಾದಕ್ಕೆ ಫೋನು ಹಿಡಿದು ಕಿರುಚುತ್ತಿದ್ದಳು. ಲೋಕ ಕೆಟ್ಟೇಹೋಯಿತೆಂದು ತಲೆಯಾಡಿಸುತ್ತ ಪುಡಿಯನ್ನೂ ಕೊಳ್ಳದೆ ವಾಪಸು ಬಂದದ್ದಾಯಿತು. ಫೋನಿನೊಳಗೆ ಒಬ್ಬ ಡಾಕ್ಟರಿದ್ದರೆಂಬುದು ಆಮೇಲೆ ತಿಳಿದ ಸಂಗತಿ.

ಮುನೀರ್ ಹೊಂಗಡಹಳ್ಳದ ಕಡೆಯ ಎಸ್ಟೇಟುಗಳಿಂದ ಸಕಲೇಶಪುರಕ್ಕೆ ಪಿಕಪ್ಪಿನಲ್ಲಿ ಕಾಫಿ ಮೂಟೆ ಸಾಗಿಸುವವನು. ಸಕ್ಕರೆ ಕಾಯಿಲೆ ಬೇರೆ. ಹೆಬ್ಬೆರಳಿಗೆ ಗಾಯವಾಗಿ ಕೀವು ತುಂಬಿತು. ಆಸ್ಪತ್ರೆಗೆ ನಡೀರಿ ಎಂದರೆ, ‘ಸೀಸನ್ ಟೈಮಲ್ಲಿ ಲೋಡು ತಪ್ಪೋಯ್ತದೆ ಕಣೇ’ ಎಂದು ರಾಗ. ಕೊನೆಗೆ ಫೋನಿನಲ್ಲೇ ಡಾಕ್ಟರು ಸಿಗುವ ಆ್ಯಪಿಗೆ ಒಪ್ಪಿದ.

ಡಾಕ್ಟರ್ ಯೋಗಾನಂದರದು ಅರ್ಧ ಮುಖವಷ್ಟೇ ಕಂಡಿತು. ಇನ್ನರ್ಧ ಬೇರೊಂದು ಪರದೆಯ ಕಡೆಗಿತ್ತು. ಹಿಂದಿನ ಗೋಡೆಯಲ್ಲಿ ಅವರು ಹಾರ ಹಾಕಿ, ಶಾಲು ಹೊದ್ದ ಫೋಟೋಗಳು ಮಾತ್ರ ಪೂರ್ತಿ ಕಾಣುತ್ತಿದ್ದವು.

‘ಕಾಲು ತೋರಿಸ್ಲಾ ಸಾರ್?’

‘ಬೇಡಮ್ಮ. ನಿಮ್ಮ ನೋವು ನನಗೆ ಅರ್ಥವಾಗುತ್ತೆ.’

ಅಷ್ಟಂದು ಮಾಯವಾದರು. ಮಾತ್ರೆಯ ಚೀಟಿ ಬಂತು.

ಮೆಹರುನ್ನೀಸಾಳಿಗೆ ಮೈಯೆಲ್ಲ ಉರಿಯಿತು. ಚಿಕೋರಿ ಎಷ್ಟು ಬೆರೆಸಲಿ ಎಂದು ಮುಖ ನೋಡಿ ಕೇಳದೆ ಅವಳು ಯಾರಿಗೂ ಪುಡಿ ಕಟ್ಟಿದವಳಲ್ಲ. ‘ಕೇಳ್ದೇ ನೋಡ್ದೇ ಅದೇನು ಅರ್ಥ ಆಯ್ತಂತೆ? ಇವರ ತಲೆ!’

ಮಾತ್ರೆ ಮುಗಿದರೂ ಬಾವು ಇಳಿಯಲಿಲ್ಲ. ಕತ್ತಿ ತಾಗಲಿ, ರಕ್ತ ಹೀರುವ ಇಂಬಳ ಕಚ್ಚಲಿ, ಕಾಫಿಪುಡಿ ಮೆತ್ತುವುದು ಈ ಕಡೆಯವರ ರೂಢಿ. ಅವಳೂ ಮೆತ್ತಿದಳು. ಆಮೇಲೆ ಮತ್ತೆ ಅದೇ ಡಾಕ್ಟರಿಗೆ ಕಾಲ್ ಹಚ್ಚಿದಳು. ‘ಇವತ್ತು ಆವಯ್ಯ ಕಾಲು ನೋಡೋಗಂಟ ಬಿಡಕಿಲ್ಲ!’

‘ಬಾಯಲ್ಲಿ ಹೇಳಿ, ಸಾಕು’ ಎಂದರು ಯೋಗಾನಂದರು.

‘ಗಾಯ ಬಾಯಿಗಾಗಿಲ್ಲ ಸಾರ್, ಕಾಲಿಗೆ! ನೋಡಿ! ಸರಿಯಾಗಿ ನೋಡಿ!’

ಅವರು ಒಂದು ಕಣ್ಣು ಹಾಯಿಸಿದರು. ‘ಕಪ್ಪಾಗಿದೆ. ಬೆರಳು ಕೊಳೆತಿದೆ, ತೆಗೀಬೇಕಾಗುತ್ತೆ. ಬೇರೇನಾದ್ರೂ ಪ್ರಶ್ನೆ?’

ನನ್ನ ಟೀಗೆ ಸಕ್ಕರೆ ಬೇಡ ಎನ್ನುವ ದನಿ. ಮುನೀರ್ ಕಾಲನ್ನು ಹಿಂದಕ್ಕೆಳೆದುಕೊಂಡ.

‘ಯಾ ಅಲ್ಲಾ, ಅದು ಕಾಫಿಪುಡಿ ಸಾರ್!’ ಮೆಹರುನ್ನೀಸಾ ಒದ್ದೆ ಬಟ್ಟೆಯಲ್ಲಿ ಒರೆಸಿದಳು. ಅಡಿಯಲ್ಲಿ ಬೆರಳು ಕೆಂಪಗೆ ಊದಿಕೊಂಡಿತ್ತು, ಕಪ್ಪಾಗಿರಲಿಲ್ಲ.

ಡಾಕ್ಟರ ಪೂರ್ತಿ ಮುಖ ಈಗ ಕಂಡಿತು. ‘ಗಾಯಕ್ಕೆ ಕಾಫಿಪುಡಿನಾ? ಬುದ್ಧಿ ಇಲ್ವಾ ನಿಮಗೆ?’

‘ಹಾಕಿದ್ದು ನನ್ ತಪ್ಪೇ. ಏನಮ್ಮ ಅದು ಅಂತ ಒಂದು ಮಾತು ಕೇಳೋಕೆ ನಿಮಗೇನಾಗಿತ್ತು? ತೆಗೀಬೇಕು ಅನ್ನೋಕೆ ಅದೇನು ಕಾಫಿ ಗಿಡದ ಬೇಡದ ಚಿಗುರಾ?’

‘ನಾನು ಸೀನಿಯರ್ ಡಾಕ್ಟರ್ ಕಣಮ್ಮ!’

‘ಆಗಿರಿ! ಈ ಕಡೆ ನೋಡ್ಕೊಂಡು ಸೀನಿಯರ್ ಆಗಿರಿ!’

ಕಾಲ್ ಕಟ್ಟಾಯಿತು. ಅವಳು ಗಂಡನ ಜೇಬಿನಿಂದ ಪಿಕಪ್ಪಿನ ಕೀ ಕಿತ್ತುಕೊಂಡು ಪಕ್ಕದಂಗಡಿಯ ನಯಾಜನ ಕೈಗಿಟ್ಟಳು. ‘ಹಾಸನಕ್ಕೆ ನಡಿಯಪ್ಪ.’

‘ಮೂಟೆ ಇಳಿಸೋದು ಬ್ಯಾಡ್ವಾ?’ ಎಂದು ಮುನೀರ್ ನರಳಿದ.

‘ಮೂಟೆಗೇನು ಶುಗರ್ ಐತಾ? ಹತ್ರೀ ಸುಮ್ನೆ!’

ಹಾಸನದ ಆಸ್ಪತ್ರೆಯಲ್ಲಿ ಸ್ನೇಹಾ ಎಂಬ ಡಾಕ್ಟರು ಪಾದವನ್ನು ಕೈಯಲ್ಲಿ ಹಿಡಿದುಕೊಂಡೇ, ತಡಮಾಡಿದ್ದಕ್ಕೂ ಕಾಫಿಪುಡಿಗೂ ಸೇರಿಸಿ ಇಬ್ಬರಿಗೂ ಚೆನ್ನಾಗಿ ಬೈದರು. ಮೆಹರುನ್ನೀಸಾ ಗಂಡನ ಕಡೆ ತಿರುಗಿ, ‘ಕಾಲು ಹಿಡ್ಕೊಂಡು ಬಯ್ತಾವ್ರೆ. ಬಯ್ಲಿ’ ಎಂದಳಷ್ಟೆ. ಕೀವು ತೆಗೆದರು, ಬೆರಳು ಉಳಿಯಿತು.

ಸಿಟ್ಟೂ ಉಳಿಯಿತು. ಮುನೀರ್ ಮತ್ತೆ ಪಿಕಪ್ ಹತ್ತಿದ ಮೇಲೂ ಅಂಗಡಿಗೆ ಬಂದವರಿಗೆಲ್ಲ ಪುಡಿಯ ಜೊತೆ ಯೋಗಾನಂದರನ್ನೂ ಅರೆದು ಕೊಡುತ್ತಿದ್ದಳು. ಹಾಗಿರುವಾಗ ಒಂದು ಮಧ್ಯಾಹ್ನ ಆ್ಯಪಿನ ಆಫೀಸಿನಿಂದ ಮಾನಸಾ ಎಂಬ ಹುಡುಗಿ ಜೇನಿನಂಥ ದನಿಯಲ್ಲಿ ಫೋನು ಮಾಡಿದಳು. ‘ಮೇಡಂ, ನಮ್ಮ ಡಾಕ್ಟರ್ ನಿಮ್ಮ ನೋವಿಗೆ ಎಷ್ಟು ಸ್ಪಂದಿಸಿದ್ರು? ಐದು ಸ್ಟಾರ್‌ನಲ್ಲಿ ಎಷ್ಟು ಕೊಡ್ತೀರಾ?’

‘ಗಾಯ ಆಗಿದ್ದು ಯಾವ ಕಾಲಿಗೆ ಅಂತ ನಿಮ್ ಡಾಕ್ಟ್ರನ್ನ ಕೇಳಮ್ಮ. ಹೇಳಿದ್ರೆ ಐದೂ ಹಾಕ್ಕೋ.’