ತಂಬಿಗೆಯಿಂದ ಹೊರಟ ಎರಡು ದಾರಿ

ಶಹಾಪುರದ ನಮ್ಮ ಮನೆಯ ಪಡಸಾಲೆಗೆ ಹಾಸಿದ ಫರ್ಸಿ ಕಲ್ಲನ್ನು ನಾನೇ ನಿಂತು ಆರಿಸಿ ತಂದದ್ದು. ಫರ್ಸಿ ಕೊಳ್ಳುವವರಿಗೆ ಒಂದು ಮಾತು ಹೇಳಿಬಿಡುತ್ತೇನೆ. ಬಣ್ಣಕ್ಕೆ ಮರುಳಾಗಬೇಡಿ, ಬೆರಳ ಗೆಣ್ಣಿನಿಂದ ಬಡಿದು ನೋಡಿ. ಖಣಖಣ ಅಂದರೆ ಗಟ್ಟಿ, ಬೊದ್ದು ದನಿ ಬಂದರೆ ಒಳಗೆ ಪದರ ಬಿಟ್ಟಿದೆ. ಅಂಚುಗಳು ಒಂದಕ್ಕೊಂದು ಕೂಡುತ್ತವೋ ಇಲ್ಲವೋ ಅಂಗಡಿಯಲ್ಲೇ ಜೋಡಿಸಿ ನೋಡಿ. ಹಾಗೆ ನೋಡಿ ತಂದದ್ದರಿಂದ ನಮ್ಮ ನೆಲದಲ್ಲಿ ಒಂದು ಗೆರೆಯೂ ಡೊಂಕಿಲ್ಲ. ಒಂದು ಭಾನುವಾರ ನನ್ನ ಹೆಂಡತಿ ಆ ಗೆರೆಗಳ ಮೇಲೆಯೇ ನಮ್ಮ ಸಂಸಾರವನ್ನು ಅಳೆದು ತೋರಿಸಿದಳು.

ಅವಳು ಗುರುಮಠಕಲ್‌ನ ಒಂದು ಪಿಯು ಕಾಲೇಜಿನಲ್ಲಿ ಗಣಿತ ಕಲಿಸುತ್ತಾಳೆ. ನಾನು ಹಳೆಯ ಪಂಪ್‌ಸೆಟ್ ಕೊಂಡು, ದುರಸ್ತಿ ಮಾಡಿಸಿ ಮಾರುವವನು. ಮಾರ್ಕೆಟ್ ಯಾರ್ಡಿನಲ್ಲಿ ಚೀಲ ಹೊತ್ತು ಶುರು ಮಾಡಿದವ; ನನ್ನ ಬೆನ್ನ ಹಿಂದೆ ಯಾರೂ ಇರಲಿಲ್ಲ. ಆಗ ನನ್ನ ಅಂಗಡಿ ಸುರಪುರದಲ್ಲಿತ್ತು, ಗಿರಾಕಿಗಳೆಲ್ಲ ಹುಣಸಗಿ ಕಡೆಯ ಕಾಲುವೆ ರೈತರು. ಅವಳಿಗೆ ಅತ್ತ ಬಾಡಿಗೆ ಖೋಲಿ, ನನಗೆ ಇತ್ತ ಅಂಗಡಿಯ ಹಿಂದೊಂದು ಮಂಚ. ಚೌಕಾಸಿಯಲ್ಲಿ ಪಳಗಿದವನಿಗೆ ನಡುವೆ ತುಂಡರಿಸುವುದೇ ನ್ಯಾಯ. ಅದಕ್ಕೆ ನಡುವಿನ ಶಹಾಪುರದಲ್ಲಿ ಮನೆ ಮಾಡಿದ್ದೆ. ಶನಿವಾರ ಸಂಜೆ ಇಬ್ಬರೂ ಬಂದು ಬೀಗ ತೆಗೆಯುತ್ತಿದ್ದೆವು, ಸೋಮವಾರ ನಸುಕಿಗೆ ಬೀಗ ಹಾಕಿ ಬೇರೆ ಬೇರೆ ಬಸ್ಸು ಹತ್ತುತ್ತಿದ್ದೆವು. ಮೊದಮೊದಲು ಭಾನುವಾರವಿಡೀ ಮಾತಿರುತ್ತಿತ್ತು. ಬರುಬರುತ್ತ ಗ್ಯಾಸು, ಹಾಲು, ಬಸ್ಸು ಇಷ್ಟರಲ್ಲಿ ಮಾತು ಮುಗಿದು, ಫ್ಯಾನಿನ ಸದ್ದಷ್ಟೇ ಉಳಿಯುತ್ತಿತ್ತು.

ಆ ಸಲ ವರ್ಗಾವಣೆಯ ಪಟ್ಟಿಯಲ್ಲಿ ಯಾದಗಿರಿಯ ಒಂದು ಜಾಗ ಖಾಲಿ ಇತ್ತು. ಬೇಕೋ ಬೇಡವೋ ಅವಳು ಸೋಮವಾರವೇ ಹೇಳಬೇಕಿತ್ತು. ನನಗೆ ಖುಷಿಯೋ ಖುಷಿ. ಯಾದಗಿರಿ ಅಂದರೆ ಗುರುಮಠಕಲ್‌ಗೆ ಅರ್ಧ ದಾರಿ; ದಿನಾ ಸಂಜೆ ಅವಳು ಶಹಾಪುರದ ಮನೆಗೆ ಬರಬಹುದು. ಅವಳು ಮಾತ್ರ ಮರುದಿನದ ಪಾಠ ತಯಾರಿ ಮಾಡುತ್ತ ಕೂತಿದ್ದಳು. ಎರಡು ಸದಿಶಗಳ, ಅಂದರೆ ಉದ್ದವೂ ದಿಕ್ಕೂ ಇರುವ ಎರಡು ಗೆರೆಗಳ, ನಡುವಿನ ಕೋನ ಕಂಡುಹಿಡಿಯುವ ಪಾಠ. ಹುಡುಗರಿಗೆ ತಲೆಗೇ ಹೋಗುವುದಿಲ್ಲ ಅಂದಳು. ಸಲಹೆ ಕೊಡುವ ಅವಕಾಶ ಸಿಕ್ಕರೆ ನಾನು ಬಿಡುವವನಲ್ಲ. ನಮ್ಮ ಊರುಗಳ ಹೆಸರಿಟ್ಟು ಹೇಳು, ಬಸ್ಸಿನಲ್ಲಿ ಓಡಾಡುವ ಹುಡುಗರಿಗೆ ತಿಳಿಯುತ್ತದೆ ಅಂದೆ.

ಅವಳು ಎದ್ದು ಹೋಗಿ ನೀರಿನ ತಂಬಿಗೆ ತಂದು ನಾಲ್ಕು ಫರ್ಸಿ ಕೂಡುವ ಜಾಗದಲ್ಲಿಟ್ಟಳು. "ಇದು ಶಹಾಪುರ, ನಮ್ಮನಿ" ಅಂದಳು. ಒಂದು ಕಲ್ಲು ಅಂದರೆ ಸುಮಾರು ಹತ್ತು ಕಿಲೋಮೀಟರ್. ಪೂರ್ವಕ್ಕೆ ಆರು ಕಲ್ಲು, ಉತ್ತರಕ್ಕೆ ಎರಡು ಕಲ್ಲು ಎಣಿಸಿ ಗುರುಮಠಕಲ್ ಎಂದು ಒಂದು ಚಮಚ ಇಟ್ಟಳು. ಪಶ್ಚಿಮಕ್ಕೆ ಒಂದು, ದಕ್ಷಿಣಕ್ಕೆ ಎರಡು ಎಣಿಸಿ ಸುರಪುರ ಎಂದು ನನ್ನ ಕೀಲಿಗೊಂಚಲು ಇಟ್ಟಳು. ಪಶ್ಚಿಮ, ದಕ್ಷಿಣ ಎರಡಕ್ಕೂ ಮೈನಸ್ ಎಂದು ನೆನಪಿಸಿದಳು. ಲೆಕ್ಕ ಸುಲಭ. ಅವಳ ಪೂರ್ವ-ಪಶ್ಚಿಮವನ್ನು ನನ್ನದಕ್ಕೆ ಗುಣಿಸು, ಅವಳ ಉತ್ತರ-ದಕ್ಷಿಣವನ್ನು ನನ್ನದಕ್ಕೆ ಗುಣಿಸು, ಎರಡನ್ನೂ ಕೂಡಿಸು. ಇದೇ ಡಾಟ್ ಪ್ರಾಡಕ್ಟ್. ಅದನ್ನು ಎರಡೂ ದಾರಿಗಳ ಉದ್ದದ ಗುಣಲಬ್ಧದಿಂದ ಭಾಗಿಸಿದರೆ ಕೋನದ ಕೊಸೈನ್ ಸಿಗುತ್ತದೆ.

ಗುಣಾಕಾರ ನನಗೆ ಬಾಯಿಲೆಕ್ಕ. ಆರೊಂದ್ಲೆ ಆರು, ಎರಡೆರಡ್ಲೆ ನಾಲ್ಕು, ಕೂಡಿದರೆ ಹತ್ತು. ಉದ್ದಗಳನ್ನು ಅವಳೇ ತೆಗೆದುಕೊಟ್ಟಳು: ಒಂದು ಐದರ ವರ್ಗಮೂಲ, ಇನ್ನೊಂದು ನಲವತ್ತರದು, ಗುಣಿಸಿದರೆ ಹದಿನಾಲ್ಕರ ಮೇಲೆ ಚೂರು. ಭಾಗಿಸಿ ಅವಳ ಪುಸ್ತಕದ ಕೊಸೈನ್ ಕೋಷ್ಟಕದಲ್ಲಿ ಬೆರಳಿಟ್ಟು ನೋಡಿದೆ. ನಲವತ್ತೈದು ಡಿಗ್ರಿ.

"ನೋಡು, ನಾ ಅಂತೂ ಅರ್ಧಕ್ಕರ್ಧ ನಿನ್ನ ಕಡೀನ ಹೊಂಟೀನಿ" ಅಂದೆ.

ಅವಳು ನಕ್ಕಳು. "ಮೈನಸ್ ಎಲ್ಲಿ ಹೋತ್ರಿ ಸಾವ್ಕಾರ್ರ?"

ಕೊಳ್ಳುವವನಿಗೂ ಮಾರುವವನಿಗೂ ಹತ್ತರ ಫರಕು ಇದ್ದರೆ ಅದು ಹತ್ತು, ಅಷ್ಟೇ. ನಾವು ವ್ಯಾಪಾರದವರು ಅದನ್ನು ಹೇಗೆ ಕರಗಿಸುವುದು ಅಂತ ನೋಡುತ್ತೇವೆ, ಯಾವ ದಿಕ್ಕಿನ ಹತ್ತು ಅಂತ ಕೇಳುವುದಿಲ್ಲ. ಈ ರೂಢಿಯಲ್ಲಿ ಮೈನಸ್ಸನ್ನು ಬಿಟ್ಟುಬಿಟ್ಟಿದ್ದೆ. ಅದನ್ನು ತಿರುಗಿ ಹಾಕಿದಾಗ ಕೋನ ನೂರಾ ಮೂವತ್ತೈದಾಯಿತು. ನಾನು ಸುರಪುರದ ಕಡೆ ಇಟ್ಟ ಒಂದೊಂದು ಹೆಜ್ಜೆಯೂ ಅವಳಿಂದ ದೂರದ್ದು.

ನಾನು ಅಷ್ಟಕ್ಕೇ ಬಿಡಲಿಲ್ಲ. ಚಮಚವನ್ನು ಎತ್ತಿ ಪೂರ್ವಕ್ಕೆ ಮೂರು, ಉತ್ತರಕ್ಕೆ ಒಂದು ಕಲ್ಲಿನ ಹತ್ತಿರ ಇಟ್ಟು, "ಇದು ಯಾದಗಿರಿ. ಅರ್ಧ ದಾರಿ ಕಡಿಮಿ ಆತಲ್ಲ" ಅಂದೆ. ಅವಳು ಪೆನ್ಸಿಲ್ ನನ್ನ ಕೈಗೆ ಕೊಟ್ಟಳು. ಗುಣಿಸಿದೆ, ಕೂಡಿಸಿದೆ, ಈ ಸಲ ಮೈನಸ್ ಹಿಡಿದುಕೊಂಡೇ ಭಾಗಿಸಿದೆ. ಮತ್ತೆ ಅದೇ ನೂರಾ ಮೂವತ್ತೈದು. ಉದ್ದ ಅರ್ಧವಾದರೂ ಕೋನ ಅಲುಗಲಿಲ್ಲ.

"ನಾ ಅರ್ಧ ದಾರಿ ಬಂದ್ರ ನೀವು ಎಷ್ಟು ಬರ್ತೀರಿ?" ಎಂದು ಕೇಳಿದಳು.

ಸುರಪುರದ ಗಿರಾಕಿಗಳ ಮಾತು ತೆಗೆದೆ. ಕಾಲುವೆಗೆ ನೀರು ಬಿಡುವ ಕಾಲದಲ್ಲಿ ಅಂಗಡಿ ಬಿಟ್ಟರೆ ಹೇಗೆ ಕೆಡುತ್ತದೆ ಎಂದು ವಿವರಿಸಿದೆ. ಅವಳು ಪೂರ್ತಿ ಕೇಳಿದಳು. ಆಮೇಲೆ ತಂಬಿಗೆಯನ್ನು ತೋರಿಸಿ, "ಈ ತಂಬಿಗಿ ಹತ್ರ ಯಾರ್ ಇರ್ತಾರ್ರಿ? ನಾ ದಿನಾ ಬಂದು ಬೀಗ ತಗದು ಗ್ವಾಡಿ ನೋಡ್ಕೋತ ಕೂಡ್ಲೇನು?" ಅಂದಳು. ಸಿಟ್ಟಿನಿಂದ ಹೇಳಿದ್ದರೆ ಉತ್ತರ ಕೊಡುತ್ತಿದ್ದೆ. ಪಾಠ ಹೇಳುವ ದನಿಯಲ್ಲೇ ಹೇಳಿದಳು.

ಸೋಮವಾರ ಅವಳು ಬೇಡ ಎಂದು ತಿಳಿಸಿದಳು. ಗುರುಮಠಕಲ್‌ನಲ್ಲಿ ಪಕ್ಕದ ತೆಲುಗಿನ ಮನೆಯವರು ಸಂಜೆ ಕರೆದು ಮಾತಾಡಿಸುತ್ತಾರೆ, ಅಷ್ಟಾದರೂ ಇರಲಿ ಅಂದಳು. ಯಾದಗಿರಿಯ ಜಾಗಕ್ಕೆ ಬೇರೆಯವರು ಬಂದರು.

ಆ ವಾರ ಏನೋ ನೆಪ ಮಾಡಿಕೊಂಡು ನಡುವೆಯೇ ಶಹಾಪುರಕ್ಕೆ ಹೋದೆ. ಬೀಗ ತೆಗೆದರೆ ತಂಬಿಗೆ ಅಲ್ಲೇ ಇತ್ತು, ಸುತ್ತ ತೆಳ್ಳಗೆ ಧೂಳು. ಒಲೆ ಹಚ್ಚುವ ಮನಸ್ಸಾಗಲಿಲ್ಲ. ನಾನು ಇಷ್ಟು ಬಡಿದು ನೋಡಿ ತಂದ ಕಲ್ಲಿನ ಮೇಲೆ ವಾರದ ನಡುವೆ ಕೂತದ್ದು ಅದೇ ಮೊದಲು. ಅವಳು ಹೇಳಿದ ಗೋಡೆಯನ್ನು ನಾನೂ ಸ್ವಲ್ಪ ಹೊತ್ತು ನೋಡಿದೆ. ಬಹಳ ಹೊತ್ತು ನೋಡುವಂಥದ್ದಲ್ಲ ಅದು.

ಸುರಪುರದ ಅಂಗಡಿ ಬಿಟ್ಟು ಯಾದಗಿರಿಯಲ್ಲಿ ಮಳಿಗೆ ಹಿಡಿಯುವಷ್ಟರಲ್ಲಿ ಒಂದು ಬೇಸಿಗೆ ಕಳೆಯಿತು. ಹುಣಸಗಿಯ ಹಳೆಯ ಗಿರಾಕಿಯೊಬ್ಬ, "ಕಾಲುವಿ ನೀರು ಬಿಟ್ಟು ಸ್ಟೇಷನ್ನಾಗ ರೈಲಿಗೆ ಪಂಪ್ ಕೂಡಸ್ತೀರೇನ್ರಿ?" ಎಂದು ಚುಚ್ಚಿದ. ಜಾಗ ಬದಲಿಸುವವರಿಗೆ ನನ್ನ ಸಲಹೆ: ಹಳೆಯ ಗಿರಾಕಿಯ ಮಾತಿಗೆ ನಕ್ಕುಬಿಡಿ, ಉತ್ತರ ಕೊಡಬೇಡಿ. ಮಳಿಗೆಯ ಹಿಂದಿನ ಖೋಲಿಗೆ ಮಂಚ ತಂದೆ, ಶಹಾಪುರದಿಂದ ತಂಬಿಗೆಯನ್ನೂ ತಂದೆ. ಆ ಸಂಜೆ ಹಾಳೆಯ ಮೇಲೆ ಲೆಕ್ಕ ಹಾಕಿದೆ. ಶಹಾಪುರದಿಂದ ನನ್ನ ಯಾದಗಿರಿ ಮೂರು-ಒಂದು, ಅವಳ ಗುರುಮಠಕಲ್ ಆರು-ಎರಡು. ಹದಿನೆಂಟಕ್ಕೆ ಎರಡು ಕೂಡಿದರೆ ಇಪ್ಪತ್ತು, ಉದ್ದಗಳ ಗುಣಲಬ್ಧವೂ ಇಪ್ಪತ್ತು. ಅವಳಿಗೆ ಫೋನ್ ಮಾಡಿ ಕೋನ ಸೊನ್ನೆ ಬಂದದ್ದನ್ನು, ಇಬ್ಬರ ದಾರಿಯೂ ಒಂದೇ ದಿಕ್ಕಿಗೆ ಆದದ್ದನ್ನು ಹೇಳಿದೆ.

"ಮೈನಸ್ ನೋಡ್ಕೊಂಡ್ರೇನು?"

"ಎರಡು ಸರ್ತಿ ನೋಡೀನಿ. ಇಲ್ಲ."

ಅವಳ ಕಡೆ ಯಾರೋ ತೆಲುಗಿನಲ್ಲಿ ಕರೆದದ್ದು ಕೇಳಿಸಿತು. ಅವಳು ಹೋಗಲಿಲ್ಲ. "ತಂಬಿಗಿ ಹತ್ರ ಯಾರದಾರ?" ಎಂದಳು.

"ನಾ ಅದೀನಿ."

"ಪೇಪರ್ ತಿದ್ದೋದು ಅದ. ಮುಗೀಲಿ, ನೋಡೂಣು" ಅಂದಳು.

ನೋಡೋಣ ಅಂದ ಗಿರಾಕಿಯ ಬೆನ್ನು ಹತ್ತಬಾರದು. ಅಂಗಡಿ ತೆರೆದಿಟ್ಟುಕೊಂಡು ಕೂಡಬೇಕು. ಕೋನ ಸೊನ್ನೆಯಾದರೂ ನಡುವಿನ ಮೂವತ್ತು ಕಿಲೋಮೀಟರ್ ಹಾಗೇ ಇರುತ್ತದೆ ಎಂದು ಈಗ ನನಗೂ ಗೊತ್ತು. ತಂಬಿಗೆಗೆ ದಿನಾ ಹೊಸ ನೀರು ಹಾಕುತ್ತೇನೆ. ಸಂಜೆ ಗುರುಮಠಕಲ್ ಬಸ್ಸು ಮಳಿಗೆಯೆದುರು ಬಂದು, ಇಳಿಯುವವರೆಲ್ಲ ಇಳಿದು ಹೋಗುವ ತನಕ ಷಟರ್ ಎಳೆಯುವುದಿಲ್ಲ.